ಫೋಟೋ ತೆಗೆದಾಯ್ತು, ಇನ್ನು ಕೆಡವಬಹುದು

ಹಳೆ ಕಟ್ಟಡಗಳಿಗೆ ಬಾಯಿ ಇದ್ದಿದ್ದರೆ ಅವು ಜೆಸಿಬಿ ಕಂಡು ಕಿರುಚುತ್ತಿರಲಿಲ್ಲ. ಕ್ಯಾಮೆರಾ ಕಂಡು ಕಿರುಚುತ್ತಿದ್ದವು. ನೂರು ವರ್ಷ ಯಾರೂ ತಿರುಗಿ ನೋಡದ ಗೋಡೆಯ ಮುಂದೆ ಒಂದು ದಿನ ಇದ್ದಕ್ಕಿದ್ದಂತೆ ಟ್ರೈಪಾಡ್ ಬಂದು ನಿಲ್ಲುತ್ತದೆ. ಟೇಪು ಹಿಡಿದು ಕಿಟಕಿಯ ಅಗಲ ಅಳೆಯುತ್ತಾರೆ. ಬಾಗಿಲಿನ ಚಿಲಕಕ್ಕೂ ಒಂದು ನಂಬರು ಕೊಡುತ್ತಾರೆ. ಪಾಪ, ಕಟ್ಟಡ ಒಳಗೊಳಗೇ ಹಿಗ್ಗುತ್ತದೆ. ಕೊನೆಗೂ ಇವರಿಗೆ ಬೆಲೆ ಗೊತ್ತಾಯಿತಲ್ಲ! ಗೊತ್ತಾಗಿದೆ, ನಿಜ. ಅದು ನಿಂತಿರುವ ಜಾಗದ ಬೆಲೆ.

'ಸಮಗ್ರವಾಗಿ ದಾಖಲಿಸಲಾಗಿದೆ' ಎಂಬ ಒಂದು ಸಾಲು ಕಡತದೊಳಗೆ ಹೋಯಿತೆಂದರೆ ಮುಗಿಯಿತು. ಚಿತ್ರಗುಪ್ತ ಲೆಕ್ಕ ಬರೆದಿಡುವುದು, ಯಮ ಪಾಶ ಹಿಡಿದು ಹೊರಡುವುದು ಹಿಂದೆ ಬೇರೆ ಬೇರೆ ಇಲಾಖೆಯ ಕೆಲಸವಾಗಿತ್ತು. ಈಗ ಇಬ್ಬರಿಗೂ ಒಂದೇ ಆಫೀಸು, ಅಕ್ಕಪಕ್ಕದ ಮೇಜು. ಇವನು ಸಹಿ ಹಾಕಿದ ಶಾಯಿ ಒಣಗುವ ಮೊದಲೇ ಅವನು ಗಾಡಿ ಹತ್ತಿರುತ್ತಾನೆ.

ಇದೇನೋ ನಮ್ಮ ಕಾಲದ ಬುದ್ಧಿವಂತಿಕೆ ಅಂದುಕೊಂಡು ಬೀಗುವುದೂ ಬೇಡ. ಪ್ಯಾರಿಸ್ ನಗರ 1862ರ ಹೊತ್ತಿಗೇ ಶಾರ್ಲ್ ಮಾರ್ವಿಲ್ ಎಂಬ ಫೋಟೋಗ್ರಾಫರನ್ನು ನೇಮಿಸಿಕೊಂಡಿತ್ತು. ಆಗ ನಗರದ ಆಡಳಿತ ಹೊತ್ತಿದ್ದ ಬ್ಯಾರನ್ ಓಸ್ಮಾನ್ ಹಳೆಯ ಓಣಿಗಳನ್ನು ಒಡೆದು ಉದ್ದುದ್ದ, ಅಗಲ ರಸ್ತೆ ಹಾಕಿಸುತ್ತಿದ್ದ ಕಾಲ. ಒಡೆಯಬೇಕಾದ ಓಣಿಗಳಿಗೆ ಮೊದಲು ಮಾರ್ವಿಲ್ ಹೋಗಬೇಕು, ಆಮೇಲೆ ಹಾರೆ. ಹೀಗೆ ಬೀದಿಗಳ 400ಕ್ಕೂ ಹೆಚ್ಚು ಫೋಟೋ ತೆಗೆದ. ಚೆಂದ ಅಂದರೆ ಚೆಂದ. ಒದ್ದೆ ಕಲ್ಲುಹಾಸಿನ ಮೇಲೆ ಬೆಳಕು ಜಾರುವುದೂ ಕಾಣುತ್ತದೆ. ಮುಂದಿನ ಸರದಿ ಹಾರೆಯದು ಎಂಬುದೊಂದು ಮಾತ್ರ ಫ್ರೇಮಿನೊಳಗೆ ಬಂದಿಲ್ಲ.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇನ್ನೂ ಅಚ್ಚುಕಟ್ಟು. ಹಳೆಯ ಇಕ್ಕಟ್ಟು ಕೇರಿಗಳನ್ನು ತೆಗೆಯಲೆಂದು ಹುಟ್ಟಿದ ಸಂಸ್ಥೆಯೇ ಥಾಮಸ್ ಅನ್ನನ್ ಎಂಬ ಫೋಟೋಗ್ರಾಫರನಿಗೆ ಆ ಕೇರಿಗಳ ಫೋಟೋ ತೆಗೆಯುವ ಕೆಲಸ ಕೊಟ್ಟಿತು. 1868ರಿಂದ 1871ರವರೆಗೆ ಆತ ತೆಗೆದ. ಲಂಡನ್ನಿನವರು ತುಸು ಪ್ರಾಮಾಣಿಕರು. ಆಕ್ಸ್‌ಫರ್ಡ್ ಆರ್ಮ್ಸ್ ಎಂಬ ಮರದ ಜಗಲಿಗಳ ಹಳೇ ಛತ್ರವನ್ನು ಕೆಡವುತ್ತಾರೆ ಎಂದು ಗೊತ್ತಾದಾಗ, 1875ರಲ್ಲಿ, ಹಳೆ ಲಂಡನ್ನಿನ ಅವಶೇಷಗಳ ಫೋಟೋ ತೆಗೆಯುವುದಕ್ಕೇ ಒಂದು ಸಂಘ ಕಟ್ಟಿಕೊಂಡರು. ಉಳಿಸುವ ಸಂಘ ಅಲ್ಲ, ಫೋಟೋ ತೆಗೆಯುವ ಸಂಘ. 1886ರೊಳಗೆ 120 ಚಿತ್ರ ಹೊರತಂದರು. ಕಾಲ ಕಳೆದಂತೆ ಮಾಸಬಾರದು ಎಂದು ಕಾರ್ಬನ್ ಮುದ್ರಣವನ್ನೇ ಆರಿಸಿಕೊಂಡಿದ್ದರು. ಅವರ ಲೆಕ್ಕ ತಪ್ಪಲಿಲ್ಲ. ಚಿತ್ರಗಳು ಮಾಸಲಿಲ್ಲ. ಛತ್ರ ಹೋಯಿತು.

ಆದರೂ ಈ ವಿದ್ಯೆಗೆ ಕಾನೂನಿನ ಇಸ್ತ್ರಿ ಹಾಕಿದ ಕೀರ್ತಿ ಇಪ್ಪತ್ತನೇ ಶತಮಾನಕ್ಕೆ ಸೇರಬೇಕು. ಅಮೆರಿಕದಲ್ಲಿ 1933ರಲ್ಲಿ ಕೆಲಸವಿಲ್ಲದೆ ಕೂತಿದ್ದ ಆರ್ಕಿಟೆಕ್ಟುಗಳಿಗೆ ಕೆಲಸ ಕೊಡಲೆಂದು ಐತಿಹಾಸಿಕ ಕಟ್ಟಡಗಳ ಸಮೀಕ್ಷೆಯೊಂದು ಶುರುವಾಯಿತು. ಅದು ಒಳ್ಳೆಯ ಕೆಲಸವೇ, ಅದನ್ನು ಆಡಿಕೊಳ್ಳುವಂತಿಲ್ಲ. ಅಳತೆ ಮಾಡಿದ ನಕ್ಷೆ, ದೊಡ್ಡ ನೆಗೆಟಿವ್, ಬರಹದ ವಿವರ ಎಲ್ಲವೂ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಯಾರು ಬೇಕಾದರೂ ನೋಡಬಹುದು. ಆಮೇಲೆ 1966ರಲ್ಲಿ ಪಾರಂಪರಿಕ ಕಟ್ಟಡಗಳ ಕಾನೂನು ಬಂತು. ಕೆಡವದೆ ವಿಧಿಯಿಲ್ಲ ಅಂತಾದರೆ ಕೊನೇ ಪಕ್ಷ ಸರಿಯಾಗಿ ದಾಖಲಿಸಿ ಕೆಡವಿ ಎಂಬುದು ಪರಿಹಾರದ ಒಂದು ದಾರಿಯಾಗಿ ನಿಂತುಬಿಟ್ಟಿತು. ಈ ದಾಖಲೆಗಳು ಎಷ್ಟು ಕಾಲ ಬಾಳಬೇಕು ಅನ್ನುವುದಕ್ಕೂ ಒಂದು ಗುರಿ ಇದೆ. 500 ವರ್ಷ. ಕಟ್ಟಡಕ್ಕೆ ಅಷ್ಟು ಆಯಸ್ಸು ಕೊಡಿ ಅಂತ ಕೇಳಿದ್ದರೆ ಎಲ್ಲರೂ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಇಂಗ್ಲೆಂಡಿನ 1990ರ ಯೋಜನಾ ಮಾರ್ಗಸೂಚಿಯೊಂದರಲ್ಲಿ, ನೆಲದಡಿಯ ಪುರಾತನ ಅವಶೇಷಗಳ ವಿಚಾರಕ್ಕೆ, 'ದಾಖಲೆಯ ಮೂಲಕ ಸಂರಕ್ಷಣೆ' ಎಂಬ ಮಾತು ಬರುತ್ತದೆ. ಅದು ಎರಡನೇ ದರ್ಜೆಯ ಆಯ್ಕೆ ಎಂದೂ ಅಲ್ಲೇ ಹೇಳಿದ್ದಾರೆ. ಆದರೆ ಕಾಗದದಲ್ಲಿ ಎರಡನೇ ಆಯ್ಕೆ ಇದೆ ಅಂದಮೇಲೆ ಮೊದಲನೆಯದನ್ನು ಯಾರು ಓದುತ್ತಾರೆ, ಹೇಳಿ. ಇದೇ ಲೆಕ್ಕದಲ್ಲಿ ಸೇತುವೆಯನ್ನು ಕೆಡವಿ, ಅದರ ಒಳ್ಳೆಯ ಫೋಟೋ ಒಂದನ್ನು ಕೈಗೆ ಕೊಟ್ಟು, ಹೋಗಿ ಹೊಳೆ ದಾಟಿ ಎಂದೂ ಹೇಳಬಹುದು.

ಇನ್ನು ಕೆಡವಿದ ಜಾಗದಲ್ಲಿ ಮೇಲೆದ್ದ ಗಾಜಿನ ಕಟ್ಟಡಕ್ಕೆ ಹೋಗೋಣ. ಅದಕ್ಕೆ ಹಳೆಯ ಕಟ್ಟಡದ ಹೆಸರನ್ನೇ ಇಟ್ಟಿರುತ್ತಾರೆ. ರಿಸೆಪ್ಷನ್ನಿನ ಹಿಂದೆ, ನೆಲದಿಂದ ಸೂರಿನವರೆಗೆ, ಹಳೆಯ ಕಟ್ಟಡದ ಕಪ್ಪು ಬಿಳುಪು ಫೋಟೋ. ಕೆಳಗೆ ಹಿತ್ತಾಳೆ ಫಲಕ: 'ನಮ್ಮ ಪರಂಪರೆ'. ಕೊಂದವರೇ ತಮ್ಮ ಹಜಾರದಲ್ಲಿ ಸತ್ತವರ ಫೋಟೋ ತೂಗುಹಾಕುವುದು ಬೇರೆಲ್ಲಾದರೂ ನಡೆದರೆ ಪೊಲೀಸರು ಬರುತ್ತಾರೆ. ಇಲ್ಲಿ ಒಳಾಂಗಣ ವಿನ್ಯಾಸಕ್ಕೆ ಪ್ರಶಸ್ತಿ ಬರುತ್ತದೆ. ಆ ಹಜಾರದಲ್ಲೇ 'ಅಂದು ಇಂದು' ಎಂಬ ಫೋಟೋ ಪ್ರದರ್ಶನ. ಉದ್ಘಾಟನೆಗೆ ಬಂದ ಗಣ್ಯರು ಆ ಕಮಾನು, ಆ ಹೆಂಚಿನ ಮಾಡು, ಆ ಮೆಟ್ಟಿಲುಗಳನ್ನು ನೋಡಿ ಕಣ್ಣು ಒರೆಸಿಕೊಳ್ಳುತ್ತಾರೆ. ಎಂಥ ಸಂಪತ್ತನ್ನು ಕಳೆದುಕೊಂಡೆವು ಅನ್ನುತ್ತಾರೆ. ಕಳೆದುಕೊಳ್ಳುವ ಆದೇಶಕ್ಕೆ ಸಹಿ ಹಾಕಿದ್ದು ಅವರೇ ಎಂದು ನೆನಪಿಸುವ ಅಸಭ್ಯರು ಅಂಥ ಸಭೆಯಲ್ಲಿ ಇರುವುದಿಲ್ಲ.

ನ್ಯೂಯಾರ್ಕಿನಲ್ಲಿ ಅಂತೂ ಒಂದು ಇಡೀ ರೈಲು ನಿಲ್ದಾಣ ಈ ದಾರಿ ಹಿಡಿಯಿತು. 1910ರಲ್ಲಿ ಕಟ್ಟಿದ ಪೆನ್ ಸ್ಟೇಷನ್ನನ್ನು 1963ರಲ್ಲಿ ಕೆಡವಲು ಶುರುಮಾಡಿದರು. ಕೆತ್ತನೆಯ ಕಲ್ಲುಗಳನ್ನು ಒಯ್ದು ನ್ಯೂಜೆರ್ಸಿಯ ಜೌಗು ನೆಲಕ್ಕೆ ಸುರಿದರು. ಹಳೆ ಕಟ್ಟಡಗಳನ್ನು ಕಾಪಾಡುವ ನಗರದ ಕಾನೂನು ಬಂದಿದ್ದು 1965ರಲ್ಲಿ. ಎರಡು ವರ್ಷ ತಡ. ಕಾನೂನು ತರಬೇಕು ಅಂತ ಅನ್ನಿಸೋದಕ್ಕೂ ಮೊದಲು ಒಂದು ದೊಡ್ಡ ಹೆಣ ಬೀಳಬೇಕು ನೋಡಿ.

ಸರಿ, ಕಟ್ಟಡ ಹೋಯಿತು. ಅದಕ್ಕೆ ಬದಲಾಗಿ ಉಳಿದಿರುವುದು ದಾಖಲೆ ತಾನೇ? ಹಾಗಾದರೆ ಆ ದಾಖಲೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರಬೇಕು. ಕಾಯುತ್ತಾರೆ, ಹೌದು. ಮುಖ್ಯವಾಗಿ ನೋಡಲು ಬರುವವರಿಂದ ಕಾಯುತ್ತಾರೆ. ಅರ್ಜಿಯಲ್ಲಿ ಫೋಟೋದ ಸಂಖ್ಯೆ ಬರೆಯಬೇಕು. ಸಂಖ್ಯೆ ಕ್ಯಾಟಲಾಗಿನಲ್ಲಿದೆ. ಕ್ಯಾಟಲಾಗು ತಯಾರಾಗುತ್ತಿದೆ. ತಯಾರಾಗುವವರೆಗೆ ಸಂಖ್ಯೆ ಗೊತ್ತಿದ್ದವರಿಗೆ ಮಾತ್ರ ಪ್ರವೇಶ. ಹಟ ಹಿಡಿದು ದಕ್ಕಿಸಿಕೊಂಡರೆ ಅಂಚೆಚೀಟಿಯಷ್ಟು ಗಾತ್ರದ ಸ್ಕ್ಯಾನ್ ಬರುತ್ತದೆ. ಅದರ ಮೇಲೆ ಸಂಸ್ಥೆಯ ವಾಟರ್‌ಮಾರ್ಕು. ಅದು ಆಕಾಶದ ಮೇಲೆ ಬೀಳುವುದಿಲ್ಲ, ನೀವು ನೋಡಬೇಕೆಂದಿದ್ದ ಬಾಗಿಲಿನ ಮೇಲೇ ಬೀಳುತ್ತದೆ. ಫೋಟೋ ತೆಗೆದವನು ಸತ್ತು ಶತಮಾನ ಕಳೆದಿದೆ, ಕಟ್ಟಡದ ಒಂದು ಇಟ್ಟಿಗೆಯೂ ಉಳಿದಿಲ್ಲ, ಹಕ್ಕು ಮಾತ್ರ ಇನ್ನೂ ಗಟ್ಟಿಯಾಗಿದೆ.

ಸ್ಕ್ಯಾನ್ ಮಾಡುವ ಶಾಸ್ತ್ರದಲ್ಲೂ ಒಂದು ತಮಾಷೆ ಇದೆ. ಹಳೆಯ ಫೋಟೋಗಳಲ್ಲಿ ಬೇಕಾದ ಮಾಹಿತಿ ಎಷ್ಟೋ ಸಲ ಹಿಂಬದಿಯಲ್ಲಿರುತ್ತದೆ. ಪೆನ್ಸಿಲಿನಲ್ಲಿ ಬರೆದ ಹೆಸರು, ತಾರೀಕು, ಸ್ಟುಡಿಯೋದ ಮುದ್ರೆ. ಟೆಂಡರು ಹಾಕಿರುವುದು ಮುಂಬದಿಗೆ. ಹಾಗಾಗಿ ಮುಂಬದಿ ಮಾತ್ರ ಸ್ಕ್ಯಾನ್ ಆಗುತ್ತದೆ. ಆಮೇಲೆ 'ಸ್ಥಳ: ತಿಳಿದಿಲ್ಲ, ಕಾಲ: ತಿಳಿದಿಲ್ಲ' ಎಂದು ಕಂಪ್ಯೂಟರಿಗೆ ಹತ್ತಿಸುತ್ತಾರೆ. ಸ್ಕ್ಯಾನ್ ಆಯಿತಲ್ಲ, ಇನ್ನು ಮೂಲಪ್ರತಿ ಯಾಕೆ, ಸುಮ್ನೆ ಜಾಗ ತಿನ್ನುತ್ತದೆ ಎಂಬ ಮಾತು ಅಲ್ಲಿಂದ ಶುರು. ಕಟ್ಟಡವನ್ನು ಫೋಟೋ ನುಂಗಿತ್ತು. ಈಗ ಫೋಟೋವನ್ನು ಸ್ಕ್ಯಾನು ನುಂಗುತ್ತದೆ.

ಸ್ಕ್ಯಾನನ್ನು ಯಾರು ನುಂಗುತ್ತಾರೆ? ಅದಕ್ಕೆ ಬಿಬಿಸಿಯ ಡೂಮ್ಸ್‌ಡೇ ಯೋಜನೆಯನ್ನು ನೋಡಬೇಕು. ಇಂಗ್ಲೆಂಡಿನ ದೊರೆ ವಿಲಿಯಂ 1086ರಲ್ಲಿ ತನ್ನ ನಾಡಿನ ಊರು, ಹೊಲ, ಎತ್ತು, ಗಿರಣಿಗಳ ಲೆಕ್ಕ ಬರೆಸಿದ್ದ. ಆ ಲೆಕ್ಕದ ಪುಸ್ತಕದ ಹೆಸರೇ ಡೂಮ್ಸ್‌ಡೇ. ಅದಕ್ಕೆ 900 ವರ್ಷ ತುಂಬಿತೆಂದು 1986ರಲ್ಲಿ ಹೊಸ ಲೆಕ್ಕ ತಯಾರಾಯಿತು. ಶಾಲಾ ಮಕ್ಕಳು ತಮ್ಮೂರಿನ ಬೀದಿ, ಅಂಗಡಿ, ಮನೆಗಳ ಫೋಟೋ ತೆಗೆದರು, ಊರವರ ದಿನಚರಿ ಬರೆದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈಜೋಡಿಸಿದರು. ಎಲ್ಲವನ್ನೂ ಆಗಿನ ಅತ್ಯಾಧುನಿಕ ಲೇಸರ್ ಡಿಸ್ಕಿಗೆ ತುಂಬಿದರು. ಹದಿನೈದು ವರ್ಷ ಕಳೆಯುವುದರೊಳಗೆ ಆ ಡಿಸ್ಕನ್ನು ಓದುವ ಯಂತ್ರ ಹುಡುಕುವುದೇ ಕಷ್ಟವಾಯಿತು. ತಜ್ಞರು ಕೂತು ಹಳೆಯ ಯಂತ್ರವನ್ನು ಹೊಸ ಕಂಪ್ಯೂಟರಿನೊಳಗೆ ಅನುಕರಣೆ ಮಾಡಿ ಅದನ್ನು ಹೊರತೆಗೆಯಬೇಕಾಯಿತು. 1086ರ ಚರ್ಮದ ಹಾಳೆಗಳನ್ನು ಓದಲು ಮಾತ್ರ ಈಗಲೂ ಕನ್ನಡಕ, ಸ್ವಲ್ಪ ಲ್ಯಾಟಿನ್ ಇದ್ದರೆ ಸಾಕು.

ಎರಡು ಪ್ರತಿ ಇಟ್ಟರೆ ಆಯಿತಲ್ಲ ಅನ್ನುವ ಜಾಣರೂ ಇದ್ದಾರೆ. ಪ್ಯಾರಿಸಿನವರು ಇಟ್ಟಿದ್ದರು. ಊರಿನ ಜನನ, ಮದುವೆ, ಮರಣದ ದಾಖಲೆಗಳ ಒಂದು ಪ್ರತಿ ನಗರಸಭೆಯ ಕಡೆ, ಇನ್ನೊಂದು ನ್ಯಾಯಾಲಯದಲ್ಲಿ. 1871ರ ಮೇ ತಿಂಗಳ ದಂಗೆಯಲ್ಲಿ ಎರಡು ಕಡೆಯೂ ಬೆಂಕಿ ಬಿತ್ತು. 1860ಕ್ಕಿಂತ ಹಿಂದಿನ ಪ್ಯಾರಿಸಿಗರು ಹುಟ್ಟಿದ್ದಕ್ಕೂ ಸತ್ತಿದ್ದಕ್ಕೂ ಪುರಾವೆಯನ್ನು ಮತ್ತೆ ಕಲೆಹಾಕಬೇಕಾಯಿತು, ಅದೂ ಒಂದು ಪಾಲಿನಷ್ಟು ಮಾತ್ರ ಆಯಿತು. ಜರ್ಮನಿಯ ಕಲೋನ್ ನಗರದ ಪತ್ರಾಗಾರದ ದಾಖಲೆಗಳು ಎರಡನೇ ಮಹಾಯುದ್ಧದ ಬಾಂಬುಗಳನ್ನು ದಾಟಿ ಬಂದವು. 2009ರ ಮಾರ್ಚ್ 3ರಂದು ಪಕ್ಕದಲ್ಲಿ ನಡೆಯುತ್ತಿದ್ದ ಮೆಟ್ರೋ ಕಾಮಗಾರಿಯ ಗುಂಡಿಗೆ ಪತ್ರಾಗಾರದ ಕಟ್ಟಡವೇ ಕುಸಿಯಿತು. ಅಕ್ಕಪಕ್ಕದ ಮನೆಗಳಲ್ಲಿದ್ದ ಇಬ್ಬರು ಸತ್ತರು. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಶತ್ರುವಿನಿಂದ ಪಾರಾದದ್ದು ಅಭಿವೃದ್ಧಿಯ ಗುಂಡಿಗೆ ಬಿತ್ತು, ಅಷ್ಟೇ.

ಇಷ್ಟೆಲ್ಲ ಆಗಿಯೂ ಉಳಿದ ಫೋಟೋಗಳಲ್ಲಿ ಜನ ಎಲ್ಲಿದ್ದಾರೆ ಅಂತ ಕೇಳಿದರೆ ಇನ್ನೊಂದು ಕಥೆ. ಆ ಕಾಲದ ಕ್ಯಾಮೆರಾಗಳಿಗೆ ಒಂದು ಚಿತ್ರ ಹಿಡಿಯಲು ತುಂಬ ಹೊತ್ತು ಬೇಕಿತ್ತು. ಅಲುಗಾಡಿದವರು ಮಸುಕಾದರು, ನಡೆದು ಹೋದವರು ಮಾಯವಾದರು. 1838ರಲ್ಲಿ, ಫೋಟೋ ತೆಗೆಯುವ ವಿದ್ಯೆಯ ಆದ್ಯರಲ್ಲಿ ಒಬ್ಬನಾದ ಡಾಗೇರ್ ಪ್ಯಾರಿಸಿನ ಗಿಜಿಗುಡುವ ಬೀದಿಯೊಂದರ ಚಿತ್ರ ತೆಗೆದಾಗ ನೆಟ್ಟಗೆ ಕಾಣಿಸಿದ್ದು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತವನೊಬ್ಬ. ಉಳಿದ ಗಾಡಿ, ಕುದುರೆ, ಜನ ಎಲ್ಲ ಗಾಳಿಯಲ್ಲಿ ಹೋದರು. ಅನ್ನನ್ ತೆಗೆದ ಗ್ಲಾಸ್ಗೋ ಕೇರಿಗಳಲ್ಲೂ ಮಕ್ಕಳು ದೆವ್ವದ ಹಾಗೆ ಮಸುಕು. ನಿಂತಲ್ಲಿ ನಿಲ್ಲುವಷ್ಟು ಪುರುಸೊತ್ತು ಇದ್ದವರು ಇತಿಹಾಸಕ್ಕೆ ಸೇರಿದರು. ದುಡಿಯುತ್ತ ಓಡಾಡುತ್ತಿದ್ದವರು ಸೇರಲಿಲ್ಲ. ಈಗ ಅಂಥ ಫೋಟೋ ತೋರಿಸಿ, ನೋಡಿ, ಆಗಲೇ ಇಲ್ಲಿ ಯಾರೂ ವಾಸವಿರಲಿಲ್ಲ ಎಂದು ವಾದ ಮಾಡುವವರು ಹುಟ್ಟಿದರೆ ನನಗೆ ಆಶ್ಚರ್ಯವಿಲ್ಲ. ಗುಂಪಿನ ಫೋಟೋಗಳ ಅಡಿಬರಹವೂ ಇದೇ ಜಾತಿ. ಕುರ್ಚಿಯಲ್ಲಿ ಕೂತವರ ಹೆಸರು ಎಡದಿಂದ ಬಲಕ್ಕೆ ಬಿರುದು ಸಮೇತ ಇರುತ್ತದೆ. ನಿಂತವರು 'ಮತ್ತಿತರರು'. ಆ ಕಮಾನು ಕಟ್ಟಿದ ಗಾರೆಯವನು, ಕಲ್ಲು ಕಡೆದವನು ಎಲ್ಲ ಆ ಮತ್ತಿತರರಲ್ಲೇ ಎಲ್ಲೋ ಇದ್ದಾರೆ. ಇದ್ದರೆ.

ಹಾಗಂತ ಫೋಟೋಗಳನ್ನು ಬಯ್ಯಬೇಡಿ. ಅವು ಎಷ್ಟೋ ಸಲ ನಮ್ಮ ಬಾಯಿ ಮುಚ್ಚಿಸುತ್ತವೆ. ಹಂಪಿಯ ಕಲ್ಲಿನ ರಥವನ್ನೇ ನೋಡಿ. 50 ರೂಪಾಯಿ ನೋಟಿನ ಹಿಂದೆ ದಿನಾ ಕಾಣುವ ಆ ಚಪ್ಪಟೆ ತಲೆಯ ರಥ ಹುಟ್ಟಿನಿಂದಲೇ ಹಾಗಿತ್ತು ಎಂದು ನಂಬಿ ಕೂತಿದ್ದೇವೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ 1856ರಲ್ಲಿ ಮೇಣದ ಕಾಗದದ ನೆಗೆಟಿವ್ ಹಿಡಿದುಕೊಂಡು ಹೋಗಿ ತೆಗೆದ ಚಿತ್ರದಲ್ಲಿ ಅದರ ತಲೆಯ ಮೇಲೆ ಇಟ್ಟಿಗೆ ಗಾರೆಯ ಗೋಪುರವಿದೆ. ಆ ಗೋಪುರ ಈಗಿಲ್ಲ. ಆ ನೆಗೆಟಿವ್‌ಗಳು ಕಣ್ಣಿಗೆ ಬೀಳದೆ ಬಹಳ ಕಾಲ ಕೂತಿದ್ದು, 1980ರ ಆಸುಪಾಸಿನಲ್ಲಿ ಮತ್ತೆ ಬೆಳಕಿಗೆ ಬಂದವು. ಜಾನ್ ಗೋಲಿಂಗ್ಸ್ ಎಂಬ ಫೋಟೋಗ್ರಾಫರ್ 1983ರಲ್ಲಿ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಹೋಯಿತು ಎಂದು ಮಗುವೂ ಹೇಳುತ್ತದೆ. ಮೇಣದ ಕಾಗದ ತಾಳಿಕೊಂಡಿತು, ಗೋಪುರ ತಾಳಿಕೊಳ್ಳಲಿಲ್ಲ.

ಪೋಲೆಂಡಿನ ವಾರ್ಸಾದವರು ಇನ್ನೂ ದೊಡ್ಡ ಸಾಹಸ ಮಾಡಿದವರು. ನಾಜಿಗಳ ಆಳ್ವಿಕೆಯಲ್ಲಿ ಅಲ್ಲಿನ ಪಾಲಿಟೆಕ್ನಿಕ್ಕಿನ ಮೇಷ್ಟರುಗಳು, ವಿದ್ಯಾರ್ಥಿಗಳು ಕದ್ದುಮುಚ್ಚಿ ಹಳೇ ಊರಿನ ಕಟ್ಟಡಗಳ ಅಳತೆ, ನಕ್ಷೆಗಳನ್ನು ಕಾಪಾಡಿಟ್ಟರು. ಸಿಕ್ಕಿಬಿದ್ದಿದ್ದರೆ ಪ್ರಾಣ ಹೋಗುತ್ತಿತ್ತು. 1944ರಲ್ಲಿ ಹಳೇ ಊರಿನ ಶೇ 85ಕ್ಕೂ ಹೆಚ್ಚು ಭಾಗ ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಆ ನಕ್ಷೆಗಳನ್ನೂ, ಹದಿನೆಂಟನೇ ಶತಮಾನದಲ್ಲಿ ಬೆಲ್ಲೊಟ್ಟೊ ಬರೆದ ವರ್ಣಚಿತ್ರಗಳನ್ನೂ ಮುಂದಿಟ್ಟುಕೊಂಡು ಮನೆ ಮನೆಯನ್ನೂ ಮತ್ತೆ ಎಬ್ಬಿಸಿದರು. 1980ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಈ ಕಥೆಯನ್ನು ನಮ್ಮ ಪರಂಪರಾ ಸಮಿತಿಯ ಸಭೆಯಲ್ಲಿ ಹೇಳಿದರೆ ಏನಾಗಬಹುದು ಅಂತ ಯೋಚಿಸಿದೆ. ಎಲ್ಲರೂ ತಲೆದೂಗುತ್ತಾರೆ. ಒಬ್ಬರಿಗೆ ಗಂಟಲು ಕಟ್ಟುತ್ತದೆ. ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆಯುತ್ತಾರೆ.

"ಅಂದರೆ ನಕ್ಷೆ ಇದ್ದರೆ ಯಾವಾಗ ಬೇಕಾದರೂ ಮತ್ತೆ ಕಟ್ಟಬಹುದು ಅಂತಾಯ್ತು, ಅಲ್ವಾ?"

"ಹೌದು ಸಾರ್."

"ನಮ್ಮದರ ನಕ್ಷೆ ಆಗಿದೆಯೇನ್ರೀ?"

"ಆಗಿದೆ ಸಾರ್. ಫೋಟೋನೂ ಆಗಿದೆ."

"ಮತ್ತೆ ಇಷ್ಟು ಹೊತ್ತು ಸುಮ್ನೆ ಯಾಕ್ರೀ ಚರ್ಚೆ? ಕಂಟ್ರಾಕ್ಟರನ್ನ ಕರೀರಿ."