ಗಣಪತಿಯಿಂದ 101 ಮೀಟರ್

ನಮ್ಮ ಬೀದಿಯ ಹಳೇ ಹಂಚಿನ ಮನೆ 'ಹೆರಿಟೇಜ್ ರೆಸ್ಟೋಬಾರ್' ಆದ ಕತೆ ನಿಮಗೆ ಗೊತ್ತೇ ಇದೆ. ರೀಲ್ಸ್‌ನಲ್ಲಿ ನೋಡಿಯೇ ಇರುತ್ತೀರಿ. ಚಿಕ್ಕಮಗಳೂರಿಗೆ ವೀಕೆಂಡಿಗೆ ಬರುವವರಿಗೆ ಬೆಳಿಗ್ಗೆ ಮುಳ್ಳಯ್ಯನ ಗಿರಿ, ಸಂಜೆ ಇಲ್ಲಿಯ ಗಿಲಾಸು.

ಪರಂಪರೆ ಉಳಿಸಿದ್ದಾರೆ, ಸುಳ್ಳು ಹೇಳಬಾರದು. ಮುಂದಿನ ಗೋಡೆ ಹಾಗೇ ಇದೆ. ಜಗಲಿ ಇದೆ, ಕಂಬ ಇದೆ, ಬೀಟೆ ಮರದ ಬಾಗಿಲಿದೆ. ಅದರ ಹಿಂದೆ ಮನೆ ಇಲ್ಲ, ಅಷ್ಟೇ. ಯಕ್ಷಗಾನದಲ್ಲಿ ಕಿರೀಟ ಒಂದೇ ಬಂದು ಕುಣಿದ ಹಾಗೆ. ತೊಟ್ಟಿ ಇದ್ದ ಕಡೆ ಡ್ಯಾನ್ಸ್ ಫ್ಲೋರು, ಮೇಲೆ ತಗಡಿನ ಶೀಟು. ಹಂಚೆಲ್ಲ ಇಳಿಸಿ ಗೋಡೆಗೆ ಅಂಟಿಸಿದ್ದಾರೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ, ಮುಂದೊಂದು ದಿನ ಹಂಚು ಗೋಡೆಗೂ ತಗಡು ಸೂರಿಗೂ ಹೋಗುತ್ತದೆ ಅಂತ ಅಂದುಕೊಂಡಿರಲಿಕ್ಕಿಲ್ಲ.

ಇನ್ನು ಆ ಒರಳು. ಆ ಮನೆಯ ಅಜ್ಜಿ ಅದರಲ್ಲಿ ಕಾಯಿ ರುಬ್ಬುತ್ತಿದ್ದರು. ನಾವು ಹುಡುಗರು ಅದಕ್ಕೆ ಕಾಲು ತಾಗಿಸಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಿತ್ತು. ಈಗ ತಳಕ್ಕೆ ತೂತು ಕೊರೆದು, ಪೈಪು ಸಿಕ್ಕಿಸಿ, ಕೈ ತೊಳೆಯುವ ಬೇಸಿನ್ ಮಾಡಿದ್ದಾರೆ. ಮೊನ್ನೆ ಇಣುಕಿದೆ. ಒಬ್ಬ ಹುಡುಗ ಎರಡೂ ಕೈಯಲ್ಲಿ ಒರಳು ಹಿಡಿದುಕೊಂಡು ವಾಂತಿ ಮಾಡುತ್ತಿದ್ದ. ಮೇಲೊಂದು ಪುಟ್ಟ ಸ್ಪಾಟ್‌ಲೈಟ್ ಬೇರೆ. ಎಲ್ಲ ಚೆನ್ನಾಗಿ ಕಾಣುತ್ತಿತ್ತು.

ನಿಜವಾದ ಕಲೆ ಇರೋದು ಬಾಗಿಲಲ್ಲಿ. ಎದುರಿಗೆ ಗಣಪತಿ ಗುಡಿ ಇದೆಯಲ್ವಾ? ಗುಡಿ, ಶಾಲೆಗಳಿಂದ 100 ಮೀಟರ್ ಒಳಗೆ ಬಾರ್ ಇರಬಾರದು ಅಂತ ಅಬಕಾರಿ ನಿಯಮ. ಅಳೆಯೋದು ಬಾಗಿಲಿಂದ ಬಾಗಿಲಿಗೆ, ಜನ ನಡೆಯುವ ದಾರಿಯಲ್ಲಿ. ಸರಿ, ಮುಂಬಾಗಿಲಿಗೆ ಬೀಗ ಬಿತ್ತು. ಹಿಂದಿನ ಗಲ್ಲಿಯಲ್ಲಿ ಹೊಸ ಬಾಗಿಲು ತೆರೆಯಿತು. ಒಂದು ಸುತ್ತು ಹಾಕಿ ಅಳೆದರೆ 101. ದೇವರು ಒಂದಿಂಚೂ ಅಲುಗದೆ ದೂರ ಹೋದ. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಹಿತ್ತಲ ಬಾಗಿಲು ಮಾತ್ರ ಮದ್ಯ.

ಈ 100 ಮೀಟರ್ ಅನ್ನೋದು ಸರ್ಕಾರಕ್ಕೆ ಅದೇನು ಇಷ್ಟವೋ. ಸಂರಕ್ಷಿತ ಸ್ಮಾರಕದ ಸುತ್ತಲೂ 100 ಮೀಟರ್ ಹೊಸದಾಗಿ ಕಟ್ಟುವಂತಿಲ್ಲ, 2010ರ ತಿದ್ದುಪಡಿ. ಬೇಲೂರಲ್ಲಿ ದೇವಸ್ಥಾನದ ಪಕ್ಕದವರು ಬಚ್ಚಲು ರಿಪೇರಿಗೂ ಅರ್ಜಿ ಹಿಡಿದು ಓಡಾಡಬೇಕು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಗುಡಿ, ಅದು ಬೇಕಾದ್ದೇ. ನಮ್ಮ ಹಂಚಿನ ಮನೆಗೆ ಮಾತ್ರ ಯಾವ ಕಾಯಿದೆಯೂ ಇಲ್ಲ. ಶಿಲಾಬಾಲಿಕೆ ಇಲ್ಲ ನೋಡಿ, ಒರಳು ಅಷ್ಟೇ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಜನ ವಾಸ ಮಾಡುವ ಕಡೆ 45 ಡೆಸಿಬಲ್ ದಾಟಬಾರದು. ಇದು 2000ನೇ ಇಸವಿಯಿಂದ ಇರುವ ನಿಯಮ. ಫೋನ್ ಮಾಡಿದರೆ ಗಾಡಿ ಬರುತ್ತದೆ, ಸೌಂಡು ಇಳಿಯುತ್ತದೆ. ಗಾಡಿ ಹೋಗುತ್ತದೆ, ಸೌಂಡು ಏರುತ್ತದೆ. ಮೊದಲ ವಾರ ನಮ್ಮಮ್ಮ, 'ಯಾರ ಮನೇಲೋ ಮದುವೆ?' ಅಂತ ಕೇಳಿದರು. ಈಗ ಕೇಳೋದಿಲ್ಲ. ಗೋಡೆಗೆ ಒರಗಿ ಕೂತಿರುತ್ತಾರೆ, ಒಂದೂವರೆವರೆಗೆ. ಅವರಿಗೆ ಎಂಬತ್ತೆರಡು. ನನಗೆ ತಮಾಷೆ ಮಾಡಿ ಮಾಡಿ ಸಾಕಾಗಿದೆ ಸ್ವಾಮಿ. ಗೋಡೆ ಉಳಿಸಿದ್ದಕ್ಕೆ ಚಪ್ಪಾಳೆ ಬೇಕಂತೆ ಇವರಿಗೆ. ಆ ಗೋಡೆ ಪಕ್ಕ ಬದುಕಿರೋ ಮುದುಕಿಗೆ ನಿದ್ದೆ ಬೇಡವಾ?

ಕಳೆದ ಶನಿವಾರ ಹನ್ನೊಂದಕ್ಕೆ ನಾನೇ ಹೋದೆ. ಹಿಂಬಾಗಿಲಿಂದಲೇ, ನಿಯಮ ಅಂದರೆ ನಿಯಮ. ಮ್ಯಾನೇಜರ್ ಹುಡುಗ ಒಳ್ಳೆಯವನು. 'ಕೂತ್ಕೊಳಿ ಅಂಕಲ್, ಅಕ್ಕಪಕ್ಕದವರಿಗೆ ಹತ್ತು ಪರ್ಸೆಂಟ್ ಡಿಸ್ಕೌಂಟ್' ಅಂದ. ಸರಿಯಪ್ಪ, ಒಂದು ಫಿಲ್ಟರ್ ಕಾಫಿ ಕೊಡು ಅಂದೆ. ಬಾಬಾ ಬುಡನ್ ಏಳು ಬೀಜ ತಂದು ನೆಟ್ಟರು ಅನ್ನುವ ಊರಲ್ವಾ.

ಅವನು ಮೆನು ತಿರುವಿ ನೋಡಿದ. 'ಕಾಫಿ ಮಾರ್ಟೀನಿ ಇದೆ ಅಂಕಲ್. ಬರೀ ಕಾಫಿ ಇಲ್ಲ.'