ಹನ್ನೊಂದನೇ ಅಧ್ಯಾಯವನ್ನು ಪೂರ್ತಿ ಓದೋಣ

ಇವತ್ತು ಮೈಸೂರಿನಲ್ಲಿ ಆರಾಧನೆ ಮುಗಿಸಿ ಬಂದಾಗಿನಿಂದ ಮನಸ್ಸು ಕುದಿಯುತ್ತಿದೆ.

ಸಭೆಯ ಹಿರಿಯರೊಬ್ಬರು ಕಾಲೇಜು ಹುಡುಗಿಯೊಬ್ಬಳನ್ನು ಬಾಗಿಲ ಹತ್ತಿರ ನಿಲ್ಲಿಸಿ ಎಲ್ಲರ ಮುಂದೆ ಬೈದರು. ತಲೆ ಮೇಲೆ ಮುಸುಕು ಇರಲಿಲ್ಲವಂತೆ. "ಬೈಬಲ್ ಓದಲ್ವೇನಮ್ಮಾ? ಒಂದನೇ ಕೊರಿಂಥ ಹನ್ನೊಂದು ತೆಗೆದು ನೋಡು" ಅಂದರು. ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ ಆ ಅಧ್ಯಾಯದಲ್ಲಿ, ಪ್ರಾರ್ಥಿಸುವಾಗ ಹೆಂಗಸರು ತಲೆ ಮುಚ್ಚಿಕೊಳ್ಳಬೇಕು ಅಂತಿದೆ. ಪಾಪ, ಆ ಮಗು ದುಪಟ್ಟಾ ಎಳೆದುಕೊಂಡು ತಲೆ ತಗ್ಗಿಸಿ ಹೋಯಿತು.

ಅದಕ್ಕೆ ಅರ್ಧ ಗಂಟೆ ಮೊದಲು ನಾನು ಇನ್ನೊಂದನ್ನು ನೋಡಿದ್ದೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಮುಂಚೆ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಪಕ್ಕದವರ ಕೈ ಹಿಡಿದು ದೇವರ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತೇವಲ್ಲ, ಅದು 1950ರ ಆರಾಧನಾ ಕ್ರಮದಿಂದಲೂ ಇದೆ. ಈ ಹಿರಿಯರ ಪಕ್ಕದಲ್ಲೇ ಅವರ ಸ್ವಂತ ತಮ್ಮ ಕೂತಿದ್ದರು. ಮಂಡ್ಯದ ಕಡೆ ಗದ್ದೆ ವಿಷಯಕ್ಕೆ ಇಬ್ಬರೂ ಕೋರ್ಟಿಗೆ ಅಲೆಯುತ್ತಿದ್ದಾರೆ, ಮಾತು ಬಿಟ್ಟು ವರ್ಷಗಳಾದವು. ತಮ್ಮ ಎರಡೂ ಕೈ ಚಾಚಿದರು. ಅಣ್ಣ ತಿರುಗಿ ಹಿಂದಿನ ಸಾಲಿನವರಿಗೆ ಕೈ ಕೊಟ್ಟರು. ಆಮೇಲೆ ಇಬ್ಬರೂ ಹೋಗಿ ಅದೇ ರೊಟ್ಟಿ, ಅದೇ ಪಾತ್ರೆ ತೆಗೆದುಕೊಂಡರು.

ಹನ್ನೊಂದನೇ ಅಧ್ಯಾಯ ಮುಸುಕಿಗೇ ಮುಗಿಯುತ್ತದಾ? ಆ ಮಾತು 16ನೇ ವಚನಕ್ಕೇ ಮುಗಿದು, 17ನೇ ವಚನದಿಂದ ಪೌಲ ಕರ್ತನ ಭೋಜನದ ಮಾತೆತ್ತುತ್ತಾನೆ. ಕೊರಿಂಥದಲ್ಲಿ ಕೆಲವರು ಮೊದಲೇ ತಿಂದು ಕುಡಿದು ಮತ್ತರಾಗಿದ್ದರು, ಇಲ್ಲದವರು ಹಸಿದು ಕೂತಿದ್ದರು. ನೀವು ತಿನ್ನುತ್ತಿರುವುದು ಕರ್ತನ ಭೋಜನವೇ ಅಲ್ಲ ಅಂತ ಅವರ ಮುಖಕ್ಕೇ ಹೇಳುತ್ತಾನೆ. ಮೊದಲು ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಿ ಅನ್ನುವುದೂ ಅಲ್ಲೇ, 28ನೇ ವಚನ. 16ಕ್ಕೆ ಪುಸ್ತಕ ಮುಚ್ಚಿ ಹೆಣ್ಣುಮಕ್ಕಳ ತಲೆ ನೋಡುವುದು ಯಾವ ನ್ಯಾಯ?

ಹೊರಗಿನ ಶಿಸ್ತು ಇದ್ದರೆ ಒಳಗಿನದು ತಾನಾಗಿ ಬರುತ್ತದೆ ಅಂತ ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಬರುವುದಿಲ್ಲ. ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯರ ಗುಂಪು ಫರಿಸಾಯರು, ಅವರಿಗೆ ಶಿಸ್ತು ಕಡಿಮೆ ಇತ್ತಾ? ಪುದೀನ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ಕೊಟ್ಟು, ನ್ಯಾಯ, ಕರುಣೆ ಬಿಟ್ಟರು ಅಂತ ಯೇಸುಸ್ವಾಮಿಯೇ ಬೈದರಲ್ವಾ? ಹಾಗಂತ, ದೇವರು ಹೃದಯ ನೋಡುತ್ತಾನೆ, ಹೊರಗೆ ಹೇಗಿದ್ದರೇನು ಅನ್ನುವವರ ಮಾತೂ ನನಗೆ ಬೇಡ. ಸುಂಕದವರ ಮುಖ್ಯಸ್ಥ ಜಕ್ಕಾಯನಿಗೆ ಯಾರೂ ನಿಯಮ ಓದಿ ಹೇಳಲಿಲ್ಲ. ಯೇಸುಸ್ವಾಮಿ ಅವನ ಮನೆಗೆ ಹೋದರು, ಅಷ್ಟೇ. ಅವನೇ ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ. ಹೃದಯ ತಿರುಗಿದರೆ ಮೊದಲು ಗೊತ್ತಾಗುವುದು ದುಡ್ಡಿನಲ್ಲಿ, ಗದ್ದೆಯಲ್ಲಿ, ಅಣ್ಣತಮ್ಮಂದಿರ ಮಾತಿನಲ್ಲಿ.

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಮ್ಮಪ್ಪ ತೀರಿಕೊಂಡ ದಿನ ಚಿಕ್ಕಪ್ಪ ಗೇಟಿನ ಆಚೆಯೇ ನಿಂತಿದ್ದರು, ಒಳಗೆ ಬರಲಿಲ್ಲ. ಇಬ್ಬರೂ ಒಂದು ಭಾನುವಾರ ತಪ್ಪಿಸಿದವರಲ್ಲ. ಅವರನ್ನು ಕೂರಿಸಿ ಮಾತಾಡಿಸಬೇಕು ಅಂತ ಸಭೆಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಆ ನೋವು ಇವತ್ತಿಗೂ ಹೋಗಿಲ್ಲ.

ಸಭೆಯ ಆಡಳಿತ ನೋಡುವ ಪಾಸ್ಟೊರೇಟ್ ಕಮಿಟಿಯ ಮುಂದಿನ ಕೂಟದಲ್ಲಿ ಉಡುಪಿನ ವಿಷಯ ಎತ್ತುತ್ತಾರಂತೆ. ಎತ್ತಲಿ. ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗೆ ನಮ್ಮ ಪಾಸ್ಟರ್ ಅಯ್ಯನವರ ಜೊತೆ ಯಾರು ಹೋಗುತ್ತೀರಿ ಅಂತ ಅದಕ್ಕೂ ಮೊದಲು ನಾನು ಕೇಳುತ್ತೇನೆ. ಯಾರೂ ಬರದಿದ್ದರೆ ನಾನೇ ಹೋಗುತ್ತೇನೆ.