ಹಿತ್ತಲಿಗೆ ಆರು ಮೀಟರ್: ಕೌನ್ಸಿಲನ್ನು ಕೇಳಬೇಕಾ, ಬೇಡವಾ?

ಇಂಗ್ಲೆಂಡಿನಲ್ಲಿ ಸ್ವಂತ ಮನೆ ಇರುವವರು ಹಿಂದೆ ಒಂದು ಕೋಣೆ ಸೇರಿಸಲು ಪ್ರತಿ ಸಲವೂ ಪ್ಲ್ಯಾನಿಂಗ್ ಪರ್ಮಿಷನ್ ಕೇಳಬೇಕಿಲ್ಲ. ‘ಪರ್ಮಿಟೆಡ್ ಡೆವಲಪ್‌ಮೆಂಟ್’ ಎಂಬ ನಿಯಮವಿದೆ. ಅದರ ಪ್ರಕಾರ, ಪಕ್ಕದ ಮನೆಗೆ ಅಂಟಿಕೊಂಡ ಮನೆಯವರು ಒಂದಂತಸ್ತಿನ ಕಟ್ಟಡವನ್ನು ಹಿಂದಕ್ಕೆ 3 ಮೀಟರ್ ಕಟ್ಟಬಹುದು. ಒಂಟಿ ಮನೆಯಾದರೆ 4. ಕೌನ್ಸಿಲಿಗೆ (ಅಂದರೆ ಸ್ಥಳೀಯ ಆಡಳಿತಕ್ಕೆ) ಮೊದಲೇ ತಿಳಿಸಿ, ನೆರೆಯವರಿಗೆ ಕಾಗದ ಹೋಗುವ ಒಂದು ಹಂತ ದಾಟಿದರೆ ಅದು 6 ಮತ್ತು 8 ಆಗುತ್ತದೆ. ಫ್ಲ್ಯಾಟಿನವರಿಗೆ ಈ ಭಾಗ್ಯ ಇಲ್ಲ. ಇಷ್ಟು ಸಡಿಲ ಬಿಟ್ಟದ್ದು ಸರಿಯಾ? ಅಲ್ಲಿರುವ ಇಬ್ಬರ ಮಾತು ಕೇಳಿ.

ಪರ: ಟೇಪು ಹೇಳಿದ್ದೇ ಕಾನೂನು

ನಮ್ಮದು 1930ರ ದಶಕದ ಸೆಮಿ, ಅಂದರೆ ಒಂದು ಕಡೆ ಮಾತ್ರ ಪಕ್ಕದ ಮನೆಗೆ ಅಂಟಿಕೊಂಡ ಮನೆ. ಮಲಗುವ ಕೋಣೆಗಳೆಲ್ಲ ಮಹಡಿಯಲ್ಲಿ, ಬಚ್ಚಲೂ ಅಲ್ಲೇ. ಅಪ್ಪ-ಅಮ್ಮ ಊರಿನಿಂದ ಬಂದರೆ ನಾಲ್ಕೈದು ತಿಂಗಳು ಇರುತ್ತಾರೆ. ಅಮ್ಮನ ಮಂಡಿನೋವಿಗೆ ಆ ಕಡಿದಾದ ಮೆಟ್ಟಿಲು ಆಗಿಬರುವುದಿಲ್ಲ. ಕೆಳಗೆ ಒಂದು ಕೋಣೆ, ಒಂದು ಟಾಯ್ಲೆಟ್ ಬೇಕಾಗಿತ್ತು. ಅಷ್ಟೇ.

ಟೇಪು ಹಿಡಿದು ಹಿತ್ತಲಿಗೆ ಹೋದೆ. ಎತ್ತರ 4 ಮೀಟರ್ ದಾಟಬಾರದು. ಬೇಲಿಗೆ 2 ಮೀಟರಿಗಿಂತ ಹತ್ತಿರ ಬಂದರೆ ಸೂರು 3 ಮೀಟರಿಗಿಂತ ಮೇಲೆ ಹೋಗಬಾರದು. ಮನೆಯ ಸುತ್ತಲಿನ ಜಾಗದಲ್ಲಿ ಅರ್ಧ ಹಾಗೇ ಉಳಿಯಬೇಕು. ಗೋಡೆ ನೋಡಲು ಹಳೇ ಮನೆಯ ಹಾಗೇ ಇರಬೇಕು. ಒಂದೇ ಸಂಜೆಯಲ್ಲಿ ಲೆಕ್ಕ ಮುಗಿಯಿತು. (ಒಂದು ಎಚ್ಚರ: ಈ ಅಳತೆ ‘ಮೂಲ ಮನೆ’ಯಿಂದ. ಹಳೇ ಮನೆಯಾದರೆ 1948ರ ಜುಲೈ 1ರಂದು ಹೇಗಿತ್ತೋ ಅದೇ ಮೂಲ. ಹಿಂದಿನ ಮಾಲೀಕರು ಆಮೇಲೆ ಕಟ್ಟಿದ್ದೂ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ.)

ಪೂರ್ತಿ ಪರ್ಮಿಷನ್ನಿನ ದಾರಿ ಹಿಡಿದರೆ? ಶುಲ್ಕವೇ 258 ಪೌಂಡ್ ಇದ್ದದ್ದು 2025ರ ಏಪ್ರಿಲ್‌ನಲ್ಲಿ 528 ಆಯಿತು. ಎಂಟು ವಾರ ಕಾಯಬೇಕು. ದುಡ್ಡು ಮತ್ತು ಕಾಯುವುದು ಹೇಗೋ ಆಗುತ್ತದೆ, ಆದರೆ ಉತ್ತರ ಏನು ಬರುತ್ತದೆ ಅಂತ ಗೊತ್ತಿರುವುದಿಲ್ಲ. ನಕ್ಷೆ ಮಾಡಿಸಿ, ಬಿಲ್ಡರ್‌ಗೆ ಮಾತು ಕೊಟ್ಟ ಮೇಲೆ ಅಧಿಕಾರಿಗೆ ಇಷ್ಟವಾಗಲಿಲ್ಲ ಅಂದರೆ ಮತ್ತೆ ಮೊದಲಿನಿಂದ. ಟೇಪಿಗೆ ಇಷ್ಟಾನಿಷ್ಟ ಇಲ್ಲ, ಅಲ್ವಾ?

ಪ್ಲ್ಯಾನಿಂಗ್ ಪರ್ಮಿಷನ್ ಬೇಡ ಅಂದರೆ ಕಾನೂನೇ ಬೇಡ ಅಂತ ಅಲ್ಲ. ಪಾಯ, ಚರಂಡಿ, ಚಳಿ ತಡೆಯುವ ಗೋಡೆ, ಎಲ್ಲವನ್ನೂ ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಪಕ್ಕದ ಮನೆಯಿಂದ 3 ಮೀಟರ್ ಒಳಗೆ ಅವರ ಪಾಯಕ್ಕಿಂತ ಆಳ ಅಗೆಯುವುದಾದರೆ, 1996ರ ಪಾರ್ಟಿ ವಾಲ್ ಕಾಯ್ದೆ ಪ್ರಕಾರ ಒಂದು ತಿಂಗಳು ಮುಂಚೆ ನೋಟಿಸ್ ಕೊಡಬೇಕು.

6 ಮೀಟರಿನ ಸಡಿಲಿಕೆಯೂ ಸುಮ್ನೆ ಬಂದದ್ದಲ್ಲ. 2012ರಲ್ಲಿ ಕಟ್ಟಡ ಕೆಲಸ ಕುಂಟುತ್ತಿದ್ದಾಗ ಸರ್ಕಾರ ಅದನ್ನು ಮುಂದಿಟ್ಟಿತು. ಆಳುವ ಪಕ್ಷದ ಸಂಸದರೇ ತಿರುಗಿಬಿದ್ದರು. ಆಗ ಸಚಿವ ಎರಿಕ್ ಪಿಕಲ್ಸ್ ನೆರೆಯವರನ್ನು ಕೇಳುವ ಹಂತ ಸೇರಿಸಬೇಕಾಯಿತು. ಕಾಗದ ಹೋಗುತ್ತದೆ, ತಕರಾರು ಹೇಳಲು 21 ದಿನ ಇರುತ್ತದೆ. ತಕರಾರು ಬಂದರೆ ಕೌನ್ಸಿಲ್ ತೂಗಿ ನೋಡುತ್ತದೆ. ಎಲ್ಲ ಸೇರಿ 42 ದಿನದಲ್ಲಿ ಮುಗಿಯಬೇಕು. 2013ರಲ್ಲಿ ತಾತ್ಕಾಲಿಕ ಅಂತ ಬಂದದ್ದು 2019ರಲ್ಲಿ ಕಾಯಂ ಆಯಿತು. ನಾವೂ ಮೂರಕ್ಕೆ ನಿಲ್ಲಿಸದೆ ಐದು ಕಟ್ಟಿದೆವು. ಪಕ್ಕದವರಿಗೆ ಕಾಗದ ಹೋಯಿತು, ಅವರು ಏನೂ ಹೇಳಲಿಲ್ಲ.

ಬೆಂಗಳೂರನ್ನು ನೋಡಿ. ಸೆಟ್‌ಬ್ಯಾಕ್ ನಿಯಮ ಪುಸ್ತಕದಲ್ಲಿ ಬಿಗಿ, ಸೈಟಿನಲ್ಲಿ ಕೇಳುವವರಿಲ್ಲ. ಕಟ್ಟಿದ ಮೇಲೆ ಅಕ್ರಮ-ಸಕ್ರಮ ಬರಲಿ ಅಂತ ಕಾದರು, 2017ರಲ್ಲಿ ಅದಕ್ಕೂ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕಟ್ಟುವ ಮೊದಲೇ ‘ಇಷ್ಟು ನಿನ್ನದು’ ಅಂತ ಹೇಳಿಬಿಡುವ ನಿಯಮ ನನಗೆ ಜಾಸ್ತಿ ಪ್ರಾಮಾಣಿಕ ಅನ್ನಿಸುತ್ತದೆ.

ವಿರೋಧ: ಟೇಪಿಗೆ ದಿಕ್ಕು ಗೊತ್ತಿಲ್ಲ

ಟೇಪು ಸುಳ್ಳು ಹೇಳುವುದಿಲ್ಲ. ಆದರೆ ಬಿಸಿಲು ಬರುವ ದಕ್ಷಿಣ ಯಾವ ಕಡೆ ಅಂತ ಅದಕ್ಕೆ ಗೊತ್ತಿಲ್ಲ. ಇಂಗ್ಲೆಂಡಿನಲ್ಲಿ ಮನೆಗೆ ಬೆಲೆ ಬರುವುದೇ ಹಿತ್ತಲಿನ ಬಿಸಿಲಿನಿಂದ ಅನ್ನುವುದು ಅಲ್ಲಿ ಒಂದು ಚಳಿಗಾಲ ಕಳೆದವರಿಗೆ ಗೊತ್ತು.

ಒಂದು ತಮಾಷೆ ನೋಡಿ. ಹಿತ್ತಲಿನ ಬೇಲಿಯನ್ನು 2 ಮೀಟರಿಗಿಂತ ಎತ್ತರ ಕಟ್ಟಬೇಕಾದರೆ ಪರ್ಮಿಷನ್ ಬೇಕು. ಅದೇ ಗೆರೆಯ ಪಕ್ಕದಲ್ಲಿ 3 ಮೀಟರ್ ಎತ್ತರ, 6 ಮೀಟರ್ ಉದ್ದದ ಇಟ್ಟಿಗೆ ಗೋಡೆಗೆ ಬೇಡ, ಅದರ ಹಿಂದೆ ಅಡುಗೆಮನೆ ಇದ್ದರೆ ಸಾಕು! ಲಂಡನ್ನಿನಲ್ಲಿ ಡಿಸೆಂಬರ್ ಕೊನೆಗೆ ನಡುಮಧ್ಯಾಹ್ನವೂ ಸೂರ್ಯ ಸುಮಾರು 15 ಡಿಗ್ರಿ ಮಾತ್ರ ಏರುತ್ತಾನೆ. 3 ಮೀಟರ್ ಗೋಡೆಯ ನೆರಳು 11 ಮೀಟರ್ ಚಾಚುತ್ತದೆ. ಅದೇ ಗೋಡೆ ಮೈಸೂರಿನಲ್ಲಿದ್ದರೆ ಅದೇ ಹೊತ್ತಿಗೆ ಎರಡು ಮೀಟರ್ ಚಿಲ್ಲರೆ. ಊರಿನಿಂದ ಬಂದವರಿಗೆ ‘ಒಂದು ಗೋಡೆಗೆ ಇಷ್ಟು ಜಗಳವಾ’ ಅನ್ನಿಸುವುದು ಇದಕ್ಕೇ.

ಪೂರ್ತಿ ಅರ್ಜಿ ಹಾಕಿದ್ದರೆ ಅನೇಕ ಕೌನ್ಸಿಲ್‌ಗಳ ಅಧಿಕಾರಿಗಳು ನೆರೆಮನೆ ಕಿಟಕಿಯ ನಡುವಿನಿಂದ 45 ಡಿಗ್ರಿಯ ಒಂದು ಗೆರೆ ಎಳೆದು ನೋಡುತ್ತಾರೆ. ಹೊಸ ಗೋಡೆ ಅದನ್ನು ದಾಟಿದರೆ ‘ಕಡಿಮೆ ಮಾಡಿ’ ಅನ್ನುತ್ತಾರೆ. ಮೇಲೆ ಹೇಳಿದ ‘ಅಧಿಕಾರಿಯ ಇಷ್ಟಾನಿಷ್ಟ’ ಎಷ್ಟೋ ಸಲ ಆ ಒಂದು ಗೆರೆ, ಅಷ್ಟೇ.

‘ಅವರು ಏನೂ ಹೇಳಲಿಲ್ಲ’ ಅನ್ನುವ ಮಾತಿಗೆ ಬರೋಣ. ನಾನಿರುವುದು ಟೆರೇಸ್ ಸಾಲಿನ, ಅಂದರೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನ, ನಡುವಿನ ಮನೆ. ದಕ್ಷಿಣಕ್ಕಿರುವ ಮನೆಯವರು 6 ಮೀಟರಿಗೆ ಅರ್ಜಿ ಹಾಕಿದಾಗ ನಾವು ಊರಿಗೆ ಬಂದಿದ್ದೆವು. ಮಗಳಿಗೆ ಬೇಸಿಗೆ ರಜೆ. ವಾಪಸ್ ಹೋಗಿ ಬಾಗಿಲು ತೆಗೆದರೆ, ಪಿಜ್ಜಾ ಅಂಗಡಿಯ ಚೀಟಿಗಳ ರಾಶಿಯಲ್ಲಿ ಆ ಕಾಗದ. 21 ದಿನ ಮುಗಿದು ವಾರವಾಗಿತ್ತು. ಅಂಟಿಕೊಂಡ ಮನೆಗಳಿಂದ ತಕರಾರು ಬರದಿದ್ದರೆ ನಮ್ಮ ಬೆಳಕಿನ ಬಗ್ಗೆ ಕೌನ್ಸಿಲ್ ಯೋಚಿಸುವ ಹಾಗೇ ಇಲ್ಲ. ಮೌನ ಅಂದರೆ ಒಪ್ಪಿಗೆ. ಬಾಡಿಗೆಯವರಿರುವ ಮನೆಯಾದರೆ ಆ ಕಾಗದ ಯಾರ ತಲೆನೋವು? ಒಂದು ಮನೆ ಆಚೆಯವರಿಗಂತೂ ಕಾಗದವೇ ಹೋಗಬೇಕಿಲ್ಲ.

ಬೆಳಕಿನ ಹಕ್ಕಿಗೆ ಬೇರೆ ಕಾನೂನಿದೆ, 1832ರದ್ದು. ಕಿಟಕಿಗೆ 20 ವರ್ಷ ಬೆಳಕು ಬಂದಿರಬೇಕು, ಆಮೇಲೆ ನಮ್ಮ ದುಡ್ಡಿನಲ್ಲಿ ನಾವೇ ಕೋರ್ಟಿಗೆ ಹೋಗಬೇಕು. ಅದೂ ಕಿಟಕಿಗೆ ಮಾತ್ರ, ಹಿತ್ತಲಿನ ಗಿಡಕ್ಕೆ ಅಲ್ಲ.

ಮಳೆನೀರಿನದ್ದೂ ಹೀಗೇ. 2008ರಿಂದ, ನೀರು ಇಂಗದ ಕಲ್ಲುಹಾಸನ್ನು ಮನೆಯ ಮುಂದೆ 5 ಚದರ ಮೀಟರಿಗಿಂತ ಜಾಸ್ತಿ ಹಾಕಬೇಕಾದರೆ ಪರ್ಮಿಷನ್ ಬೇಕು, ಇಲ್ಲದಿದ್ದರೆ ಆ ನೀರು ನಮ್ಮ ಮಣ್ಣಿಗೇ ಹರಿಯುವ ಹಾಗೆ ಮಾಡಬೇಕು. ಮನೆಯ ಹಿಂಭಾಗಕ್ಕೆ ಅಂಥ ಮಿತಿ ಇಲ್ಲ.

3 ಮೀಟರಿಗೆ ನನ್ನ ತಕರಾರಿಲ್ಲ. ಅಮ್ಮನ ಮಂಚಕ್ಕೆ, ಪಕ್ಕದಲ್ಲಿ ಒಂದು ಟಾಯ್ಲೆಟ್ಟಿಗೆ ಅಷ್ಟು ಸಾಕು. ಅಮ್ಮನ ಹೆಸರಲ್ಲಿ ಶುರುವಾಗಿ ಐದಕ್ಕೋ ಆರಕ್ಕೋ ಹೋಗಿ ನಿಲ್ಲುತ್ತದಲ್ಲ, ಆ ಉಳಿದ ಮೀಟರುಗಳು ಸಾಮಾನ್ಯವಾಗಿ ಅಡುಗೆಮನೆಯ ನಡುವಿನ ಕಲ್ಲುಕಟ್ಟೆಗೆ, ಗಾಜಿನ ಬಾಗಿಲಿಗೆ. ಅದಕ್ಕೆ ಎಂಟು ವಾರ ಕಾದರೆ ಏನು ಮುಳುಗಿಹೋಗುತ್ತದೆ?

ನಮ್ಮ ಹಿತ್ತಲಿನ ಅಗಲ ಐದು ಮೀಟರೂ ಇಲ್ಲ. ಒಂದು ಕಡೆ ಗೋಡೆ ಎದ್ದಿದೆ. ಕೊತ್ತಂಬರಿ ಬೆಳೆಯುತ್ತಿದ್ದ ಮೂಲೆಯಲ್ಲಿ ಈಗ ಪಾಚಿ. ಮೊನ್ನೆ ಇನ್ನೊಂದು ಕಡೆಯ ಅಜ್ಜ ಬೇಲಿಯಾಚೆಯಿಂದ ಇಣುಕಿ, ‘ನೀವೂ ಕಟ್ಟುತ್ತೀರಾ? ನೀವು ಕಟ್ಟಿದರೆ ನಾನೂ ಕಟ್ಟಲೇಬೇಕು’ ಅಂದರು. ಅವರ ಕೈಯಲ್ಲಿ ಆಗಲೇ ಟೇಪು ಇತ್ತು.